ಎಲ್ಲರ ಸಂಕಟ ಕೇಳಿಸಿಕೊಂಡವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದ ಅವರು ಸೇನೆಯಲ್ಲಿ ಪಾದ್ರಿ. ಮುಂಚೂಣಿಯಿಂದ ವಾಪಸ್ ಬಂದ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ. ಯಾರಾದರೂ ‘ಎಂಥ ಧೈರ್ಯ ನಿಮ್ಮದು’ ಅಂದರೆ ಸಾಕು, ಎದ್ದು ಹೋಗಿಬಿಡುತ್ತಿದ್ದರು.

‘ನನ್ನ ಕೈಕಾಲು ನಡುಗ್ತಿತ್ತು ಮೇಡಂ. ಧೈರ್ಯ ಅಂದ್ರೆ ಎಮಿಲ್ ಕಪಾನ್ ಅವರದು’ ಅಂದರು. ಕಪಾನ್ ಕೊರಿಯಾ ಯುದ್ಧದಲ್ಲಿದ್ದ ಅಮೆರಿಕದ ಪಾದ್ರಿ. 1950ರಲ್ಲಿ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಗಾಯಾಳುಗಳನ್ನು ಬಿಟ್ಟು ಹೋಗಲಿಲ್ಲ. ಸೆರೆ ಸಿಕ್ಕರು, ಮರುವರ್ಷ ಕೈದಿಗಳ ಶಿಬಿರದಲ್ಲೇ ತೀರಿಕೊಂಡರು.

‘ಅವರಿಗೆ ಭಯ ಆಗಲಿಲ್ಲ ಅಂತ ನಿಮಗೆ ಹೇಗೆ ಗೊತ್ತು ಫಾದರ್?’ ಅಂತ ಕೇಳಿದೆ. ಸುಮ್ಮನಾದರು.

1949ರ ಜಿನೀವಾ ಒಪ್ಪಂದದ ಪ್ರಕಾರ ಸೇನೆಯ ಧರ್ಮಗುರುಗಳ ಮೇಲೆ ದಾಳಿ ಮಾಡುವಂತಿಲ್ಲ. ದೂರದಿಂದ ಬಂದು ಬೀಳುವ ಶೆಲ್‌ಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು! ಶೆಲ್ ಬೀಳುತ್ತಿದ್ದ ಆ ದಿನ ನನ್ನೆದುರು ಕೂತಿದ್ದ ಈ ಫಾದರ್ ಬಳಿ ಆಯುಧವೂ ಇರಲಿಲ್ಲ. ಗಾಯಗೊಂಡ ಹುಡುಗನೊಬ್ಬ ಇವರ ತೋಳು ಹಿಡಿದಿದ್ದ. ಬಿಡಿಸಿಕೊಂಡು ಬಂಕರ್‌ಗೆ ಓಡಬಹುದಿತ್ತು. ಓಡಲಿಲ್ಲ. ನಡುಗುತ್ತಲೇ ಕೂತಿದ್ದರು. ನನ್ನ ಮಟ್ಟಿಗೆ ಧೈರ್ಯ ಅಂದರೆ ಅದೇ, ಹಾಗಂತ ಅವರಿಗೂ ಹೇಳಿದೆ.

ನಿಜವಾದ ಗಾಯ ಮಾತ್ರ ಬೇರೆಯೇ ಇತ್ತು. ಅದು ಹೊರಬರಲು ಜಾಸ್ತಿ ದಿನ ಹಿಡಿಯಿತು. ಆ ಹುಡುಗ ತುಂಬಾ ನರಳಿ ಸತ್ತಿದ್ದ. ಅವನ ತಾಯಿಗೆ ಇವರು ಬರೆದದ್ದು, ‘ನೋವಿಲ್ಲದೆ ಹೋದ’ ಅಂತ. ‘ದೇವರ ಹೆಸರಲ್ಲಿ ಸುಳ್ಳು ಬರೆದೆ. ಅವತ್ತಿನಿಂದ ಪ್ರಾರ್ಥನೆಗೆ ಬಾಯಿ ಬರ್ತಿಲ್ಲ’ ಅಂತ ಅತ್ತರು.

ತಾಯಿಗೆ ಈಗಲೇ ನಿಜ ಬರೆದುಬಿಡ್ತೀನಿ ಅಂದಾಗ ತಡೆದೆ. ಅದರಿಂದ ಇವರ ಭಾರ ಇಳಿಯಬಹುದು, ಆದರೆ ಅದನ್ನು ಹೊರಬೇಕಾದವಳು ಆಕೆ, ಅಲ್ವಾ? ಆಕೆಯೇ ಕೇಳಿದ ದಿನ ಸುಳ್ಳು ಹೇಳಬೇಡಿ, ಆಕೆ ಕೇಳಿದಷ್ಟನ್ನೇ ಮೆತ್ತಗೆ ಹೇಳಿ ಅಂದೆ. ಸದ್ಯಕ್ಕೆ, ಕಳಿಸದ ಕಾಗದವೊಂದರಲ್ಲಿ ನಡೆದದ್ದನ್ನೆಲ್ಲ ಬರೆದು ತರಲು ಹೇಳಿದೆ. ಮುಂದಿನ ಸಲ ನನ್ನೆದುರು ಓದಿದರು. ಎರಡು ಕಡೆ ನಿಲ್ಲಿಸಿ, ಮತ್ತೆ ಮುಂದುವರಿಸಿದರು.

ಇನ್ನೊಂದು ಮಾತನ್ನು ಗಟ್ಟಿಯಾಗೇ ಹೇಳಿದೆ. ಇಡೀ ತುಕಡಿ ಇವರ ಹತ್ತಿರ ಬಂದು ಅಳುತ್ತಿತ್ತು, ಇವರು ಯಾರ ಹತ್ತಿರವೂ ಅಳಲಿಲ್ಲ. ಹಾಗಾಗಿ ತುಕಡಿಗೆ ಸಂಬಂಧವಿಲ್ಲದ ಹಿರಿಯ ಪಾದ್ರಿಯೊಬ್ಬರನ್ನು ವಾರಕ್ಕೊಮ್ಮೆ ಕಾಣಬೇಕು. ಬದುಕೇ ಬೇಡ ಅನ್ನಿಸಿದರೆ ಅವತ್ತೇ ಮನೋವೈದ್ಯರ ಬಳಿ ಹೋಗಬೇಕು. ಎರಡಕ್ಕೂ ಒಪ್ಪಿದರು.

ಈಗ ಮತ್ತೆ ಮುಂಚೂಣಿಗೆ ಹೋಗಬೇಕು ಅನ್ನುತ್ತಿದ್ದಾರೆ. ನಿದ್ದೆ ಸರಿಹೋಗುವವರೆಗೆ ಬೇಡ ಅಂದಿದ್ದೇನೆ.