ಅಮೆರಿಕದ ಒಹಾಯೋದಲ್ಲಿ .357 ಲೀವರ್ ಆಕ್ಷನ್ ರೈಫಲ್ ತಗೊಳ್ಳುವುದಾದರೆ ಯಾವುದು? ಅದಕ್ಕೆ ಸ್ಕೋಪೋ, ರೆಡ್ ಡಾಟೋ?

ಒಹಾಯೋದಲ್ಲಿರುವ ನೀವು ಕೇಳಿದ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆ ಉಂಟು. ರೇಂಜ್‌ಗೂ ಜಿಂಕೆ ಬೇಟೆಗೂ ಆಗುವ .357 ಲೀವರ್ ಆಕ್ಷನ್ ಯಾವುದು, ನಲವತ್ತೈದು ದಾಟಿದ ಕಣ್ಣಿಗೆ ಅದರ ಮೇಲೆ ಏನು ಕೂರಿಸಬೇಕು, ಆಮೇಲೆ ಅದನ್ನು ನಿಮ್ಮ ಕಾರ್ಕಳದ ತೋಟಕ್ಕೆ ತರಬಹುದಾ ಅಂತ. ಲೀವರ್ ಆಕ್ಷನ್ ಅಂದರೆ ಟ್ರಿಗರ್ ಸುತ್ತಲಿನ ಲೀವರ್ ಎಳೆದು ಮುಂದಿನ ಗುಂಡು ತುಂಬುವ ರೈಫಲ್. ಸ್ಕೋಪ್ ಅಂದರೆ ಮೇಲೆ ಕೂರಿಸುವ ದುರ್ಬೀನು, ರೆಡ್ ಡಾಟ್ ಅಂದರೆ ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್. ನಾನು ಕೆಲಸದ ಮೇಲೆ ಕೊಲಂಬಸ್ ಹತ್ತಿರ ಕೆಲವು ವರ್ಷ ಇದ್ದು ಈಗ ಉಡುಪಿಗೆ ವಾಪಸಾದವನು. ಅಲ್ಲಿ ಇಂಥದ್ದೇ ರೈಫಲ್ ಇತ್ತು, ಹೊರಡುವಾಗ ಅಲ್ಲೇ ಮಾರಿ ಬಂದೆ. ಮೂರನೇ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕಿತು ಅಲ್ವಾ?

ನಿಮಗೆ ಗ್ರೀನ್ ಕಾರ್ಡ್ ಬಂದಿದೆ ಅಂದಿದ್ದೀರಿ, ಹಾಗಾಗಿ ತೊಂದರೆ ಇಲ್ಲ. ಆದರೆ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಇದನ್ನು ಓದಿ ಅಂಗಡಿಗೆ ಓಡಬೇಡಿ. ಆ ತರಹದ ವೀಸಾದವರು ಬಂದೂಕಾಗಲಿ ಕಾಡತೂಸಾಗಲಿ ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಆದರೂ ವಕೀಲರನ್ನು ಕೇಳದೆ ಕೈ ಹಾಕಬೇಡಿ. ವೀಸಾಕ್ಕಿಂತ ಬಂದೂಕು ದೊಡ್ಡದಲ್ಲ.

ಇನ್ನು .357, ಅಂದರೆ ಇಂಚಿನಲ್ಲಿ ಗುಂಡಿನ ದಪ್ಪ. ನಿಮ್ಮ ಆಯ್ಕೆ ಸರಿಯಾಗಿದೆ. .357 ಮ್ಯಾಗ್ನಂ ಬಂದದ್ದು 1935ರಲ್ಲಿ, ರಿವಾಲ್ವರ್‌ಗೆ ಅಂತ. 158 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು 4 ಇಂಚಿನ ರಿವಾಲ್ವರ್ ನಳಿಗೆಯಿಂದ ಸೆಕೆಂಡಿಗೆ ಸುಮಾರು 1,250 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ಕಾಡತೂಸನ್ನು 18-20 ಇಂಚಿನ ನಳಿಗೆಗೆ ಹಾಕಿದರೆ 1,700-1,800 ಅಡಿಗೆ ಏರುತ್ತದೆ. ಮ್ಯಾಗ್ನಂನಲ್ಲಿ ನಿಧಾನ ಉರಿಯುವ ಮದ್ದು ಇರುತ್ತದೆ, ಉದ್ದ ನಳಿಗೆಯಲ್ಲಿ ಅದಕ್ಕೆ ಪೂರ್ತಿ ಉರಿಯಲು ಸಮಯ ಸಿಗುತ್ತದೆ. ಜೊತೆಗೆ ಅದೇ ರೈಫಲ್ಲಿನಲ್ಲಿ .38 ಸ್ಪೆಷಲ್ ಕೂಡ ಹೊಡೆಯಬಹುದು. ಒದೆತ ಇಲ್ಲವೇ ಇಲ್ಲ ಅನ್ನಬಹುದು, ಸದ್ದೂ ಕಡಿಮೆ, ರೇಟೂ ಕಡಿಮೆ. ಮನೆಯವರಿಗೆ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. .38 ಗಿಡ್ಡ ಇರುವುದರಿಂದ ಛೇಂಬರಿನ (ಕಾಡತೂಸು ಕೂರುವ ಗೂಡಿನ) ತುದಿಯಲ್ಲಿ ಮಸಿಯ ಬಳೆ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದೆ .357 ಹಾಕಿದರೆ ಖಾಲಿ ಚಿಪ್ಪು ಅಂಟಿಕೊಂಡು ಕೂರುತ್ತದೆ. ಕಷ್ಟ ಅಂದರೆ ಇದೊಂದೇ.

ಒಹಾಯೋದಲ್ಲಿ ಜಿಂಕೆಗೆ ನೇರ ಗೋಡೆಯ, ಅಂದರೆ ಬಾಯಿಯ ಹತ್ತಿರ ಕಿರಿದಾಗದ ಚಿಪ್ಪಿನ ಕಾಡತೂಸಿನ ರೈಫಲ್‌ಗೆ ಮಾತ್ರ ಅನುಮತಿ. .357 ಆ ಪಟ್ಟಿಯ ಕೆಳಗಿನ ಮೆಟ್ಟಿಲು. ಬೇಟೆಯಾಡುವಾಗ ಛೇಂಬರು, ಮ್ಯಾಗಜಿನ್ ಎರಡೂ ಸೇರಿ ಮೂರಕ್ಕಿಂತ ಜಾಸ್ತಿ ತುಂಬುವಂತಿಲ್ಲ, ಇದನ್ನು ಮರೆಯಬೇಡಿ. ನೂರು ಗಜದ ಒಳಗೆ ಜಿಂಕೆಗೆ ಸಾಕು. ಅದಕ್ಕಿಂತ ದೂರ ಹೊಡೆಯುವ ಆಸೆ ಇದ್ದರೆ .44 ಮ್ಯಾಗ್ನಂ ನೋಡಿ, ಆದರೆ ಒದೆತ, ಖರ್ಚು ಎರಡೂ ಏರುತ್ತದೆ.

ಈಗ ಮುಖ್ಯ ವಿಷಯ. ಎಲ್ಲರೂ ಮೊದಲು ರೈಫಲ್ ತಗೊಳ್ಳುತ್ತಾರೆ, ಆಮೇಲೆ ಒಳ್ಳೆ ಸ್ಕೋಪ್ ಹುಡುಕುತ್ತಾರೆ, ಕೊನೆಗೆ ಎರಡೂ ಹೊಂದುವುದಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಲೀವರ್ ರೈಫಲ್‌ಗಳ ಮೂಲ ವಿನ್ಯಾಸ ಸ್ಕೋಪ್ ಅಪರೂಪವಾಗಿದ್ದ ಕಾಲದ್ದು. ವಿಂಚೆಸ್ಟರ್ 1892, ಮಾರ್ಲಿನ್ 1894, ಹೆಸರಲ್ಲೇ ವರ್ಷ ಉಂಟು. ನಳಿಗೆಗೆ ಅಂಟಿದಂತಿರುವ ಕಬ್ಬಿಣದ ಸೈಟ್ ನೋಡಲು ಕಣ್ಣು ತಗ್ಗಬೇಕು, ಅದಕ್ಕೇ ಹೆಗಲಿಗೆ ಕೊಡುವ ಮರದ ಭಾಗದ, ಅಂದರೆ ಸ್ಟಾಕಿನ, ಮೇಲಂಚು ತಗ್ಗಿನಲ್ಲಿದೆ. ಅದರ ಮೇಲೆ ಎತ್ತರದ ಮೌಂಟ್, ದಪ್ಪ ಸ್ಕೋಪ್ ಹಾಕಿದರೆ ಕೆನ್ನೆ ಗಾಳಿಯಲ್ಲಿ ನಿಲ್ಲುತ್ತದೆ. ಪ್ರತಿ ಸಲ ತಲೆ ಬೇರೆ ಬೇರೆ ಜಾಗದಲ್ಲಿ ಇರುತ್ತದೆ, ಗುಂಡೂ ಹಾಗೇ ಹೋಗುತ್ತದೆ.

ಹೆಬ್ರಿಯಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಲೈಸೆನ್ಸಿನ ಜೋಡು ನಳಿಗೆಯ ತೋಟಾ ಕೋವಿ ಇತ್ತು. ನನ್ನ ಕೈಗೆ ಖಾಲಿ ಕೋವಿ ಕೊಟ್ಟು ಅವರು ಹೇಳಿದ್ದು ಇಷ್ಟೇ: "ಕಣ್ಣು ಮುಚ್ಚು. ಹೆಗಲಿಗೆ ತಗೋ. ಕೆನ್ನೆ ಮರಕ್ಕೆ ತಾಗಿಸು. ಈಗ ಕಣ್ಣು ಬಿಡು, ಎಂತ ಕಾಣ್ತದೆ?" ನಳಿಗೆ ತುದಿಯ ಮಣಿ ಕಾಣಲಿಲ್ಲ ಅಂದೆ. "ಹಾಗಾದ್ರೆ ಅದು ನಿಂಗೆ ಕೋವಿ ಅಲ್ಲ ಮಾರಾಯ, ಬರೀ ಕೋಲು" ಅಂದರು. ಅಮೆರಿಕದ ಅಂಗಡಿಯಲ್ಲೂ ನಾನು ಮಾಡಿದ್ದು ಅದೇ ಪರೀಕ್ಷೆ. ಕೌಂಟರಿನವರನ್ನು ಕೇಳಿ, ಲೀವರ್ ತೆರೆದು ಖಾಲಿ ಇದೆ ಅಂತ ನೀವೇ ನೋಡಿ, ಗೋಡೆಯ ಕಡೆ ಮುಖ ಮಾಡಿ. ಕಣ್ಣು ಬಿಟ್ಟಾಗ ದೃಷ್ಟಿ ಎಷ್ಟು ಎತ್ತರದಲ್ಲಿ ಬರುತ್ತದೋ ಅಷ್ಟೇ ಎತ್ತರಕ್ಕೆ ನಿಮ್ಮ ಆಪ್ಟಿಕ್ (ಸ್ಕೋಪ್ ಅಥವಾ ಡಾಟ್) ಕೂರಬೇಕು. ಇದನ್ನು ಗೊತ್ತು ಮಾಡಿಕೊಂಡ ಮೇಲೆ ಬ್ರ್ಯಾಂಡ್ ಮಾತು.

ರಾಸಿ ಆರ್92, ಬ್ರೆಜಿಲ್‌ನದ್ದು. ಜಾನ್ ಬ್ರೌನಿಂಗ್ ಮಾಡಿದ ವಿಂಚೆಸ್ಟರ್ 1892ರ ನಕಲು. ಅಗ್ಗ, ಗಟ್ಟಿ, ಹಗುರ. 16 ಇಂಚಿನದ್ದು ಎರಡೂವರೆ ಕೆಜಿ ಆಸುಪಾಸು, ಕೈಗೆ ಬಂದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ಖಾಲಿ ಚಿಪ್ಪು ಮೇಲಕ್ಕೆ ಹಾರುತ್ತದೆ. ನೆತ್ತಿಯ ಮೇಲೆ ಸ್ಕೋಪ್ ಇದ್ದರೆ ಚಿಪ್ಪು ಅದಕ್ಕೇ ಬಡಿದು ಒಳಗೆ ಬೀಳುತ್ತದೆ. ಆಪ್ಟಿಕ್ ಹಾಕಲೇಬೇಕಾದರೆ ನಳಿಗೆಯ ಮೇಲೆ, ಮುಂದಕ್ಕೆ ರೈಲ್ (ಆಪ್ಟಿಕ್ ಕೂರಿಸುವ ಪಟ್ಟಿ) ಹಾಕಿ ಚಿಕ್ಕ ಡಾಟ್ ಕೂರಿಸಬೇಕು. ಕಬ್ಬಿಣದ ಸೈಟ್ ಸಾಕು ಅನ್ನುವವರಿಗೆ ಇದು ರಾಜ. ನಿಮಗೆ ಅಲ್ಲ.

ನಿಮಗೆ ಮಾರ್ಲಿನ್ 1894 ಅಥವಾ ಉಕ್ಕಿನ ಹೆನ್ರಿ ಬಿಗ್ ಬಾಯ್. ಎರಡರಲ್ಲೂ ರಿಸೀವರಿನ (ಯಂತ್ರ ಇರುವ ನಡುವಿನ ಭಾಗದ) ನೆತ್ತಿ ಮುಚ್ಚಿದೆ, ಚಿಪ್ಪು ಬದಿಗೆ ಹಾರುತ್ತದೆ, ಸ್ಕೋಪ್ ಬೇಸ್‌ಗೆ ತೂತು ಕೊರೆದೇ ಬರುತ್ತದೆ. ಮಾರ್ಲಿನ್ ಕಂಪನಿಯನ್ನು 2020ರಲ್ಲಿ ರೂಗರ್ ಕಂಪನಿ ಕೊಂಡಿತು, 1894 ಮತ್ತೆ ಬರಲು ಶುರುವಾದದ್ದು 2023ರಲ್ಲಿ, ಮೊದಲು .44ರಲ್ಲಿ. ಹಳೆಯದು ತಗೊಳ್ಳುವುದಾದರೆ 2020ಕ್ಕೂ ಮುಂಚಿನ ಹತ್ತು ವರ್ಷದವನ್ನು ಜಾಗ್ರತೆಯಿಂದ ನೋಡಿ: ಮುಂದಿನ ಸೈಟ್ ನೆಟ್ಟಗಿದೆಯಾ, ಮರ ಮತ್ತು ಕಬ್ಬಿಣ ಕೂಡುವಲ್ಲಿ ಸಂದು ಉಂಟಾ, ಲೀವರ್ ಎಳೆದಾಗ ಎಲ್ಲಾದರೂ ತಡೆಯುತ್ತದಾ ಅಂತ. ಹೆನ್ರಿಯ ನಡೆ ಬೆಣ್ಣೆ. ಆದರೆ ಹಿತ್ತಾಳೆ ಮಾದರಿ ಹತ್ತಿರ ಹತ್ತಿರ ನಾಲ್ಕು ಕೆಜಿ, ಶೋಕೇಸಿಗೆ ಚಂದ, ಗುಡ್ಡ ಹತ್ತಲು ಬೇಡ. ಉಕ್ಕಿನದ್ದೇ ತಗೊಳ್ಳಿ, ಬದಿಯಿಂದ ತುಂಬುವ ಬಾಗಿಲು ಇರುವಂಥದ್ದು. ಮುಂದಿನಿಂದ ಮಾತ್ರ ತುಂಬುವ ಹಳೆ ಮಾದರಿಯಲ್ಲಿ ಪ್ರತಿ ಸಲ ನಳಿಗೆ ಬಾಯಿಯ ಹತ್ತಿರ ಕೈ ಹೋಗುತ್ತದೆ, ನನಗೆ ಅದು ಸರಿ ಕಾಣುವುದಿಲ್ಲ. ಎರಡರಲ್ಲಿ ಒಂದು ಅಂದರೆ ನನ್ನ ಓಟು ಮಾರ್ಲಿನ್‌ಗೆ.

ಯಾವುದೇ ಇರಲಿ, ಚೂಪು ಮೂತಿಯ ಗುಂಡು ತುಂಬಬೇಡಿ. ಕೊಳವೆ ಮ್ಯಾಗಜಿನ್‌ನಲ್ಲಿ ಒಂದರ ಮೂತಿ ಮುಂದಿನದರ ಪ್ರೈಮರಿಗೆ (ಬಡಿದರೆ ಮದ್ದು ಹೊತ್ತಿಸುವ ಬಿಲ್ಲೆಗೆ) ಮುಟ್ಟಿಕೊಂಡು ನಿಲ್ಲುತ್ತದೆ, ಒದೆತಕ್ಕೆ ಒಳಗೇ ಸಿಡಿಯಬಹುದು. ಚಪ್ಪಟೆ ಮೂತಿ ಅಥವಾ ಹಾರ್ನಡಿಯವರ ಮೆತ್ತನೆ ತುದಿಯ ಗುಂಡು ಮಾತ್ರ.

ಈಗ ಸೈಟ್. ಮುಂದಿನ ಸೈಟ್ ಮಸುಕಾಗಿ ಕಾಣುತ್ತದೆ ಅಂದಿದ್ದೀರಿ. ನಮ್ಮ ವಯಸ್ಸಿನಲ್ಲಿ ಅದು ಸಹಜ. ಹಿಂದಿನ ಸೈಟ್, ಮುಂದಿನ ಸೈಟ್, ಗುರಿ, ಮೂರನ್ನೂ ಒಟ್ಟಿಗೆ ಹಿಡಿಯಲು ಕಣ್ಣಿನ ಲೆನ್ಸ್ ಒಪ್ಪುವುದಿಲ್ಲ. ಅಗ್ಗದ ಮದ್ದು ಪೀಪ್ ಸೈಟ್. ರಿಸೀವರಿನ ಹಿಂದೆ ಸಣ್ಣ ತೂತಿನ ಬಿಲ್ಲೆ. ತೂತನ್ನು ನೋಡುವುದೇ ಬೇಡ, ಅದರ ಮೂಲಕ ನೋಡಿದರೆ ಸಾಕು, ಮುಂದಿನ ಸೈಟ್ ತಾನೇ ಚುರುಕಾಗುತ್ತದೆ. ರೈಫಲ್ಲಿನ ಅಂದವೂ ಕೆಡುವುದಿಲ್ಲ. ಮೊದಲು ಇದನ್ನೇ ನೋಡಿ ಅನ್ನುತ್ತೇನೆ.

ಅದೂ ಆಗದಿದ್ದರೆ ಚಿಕ್ಕ ರೆಡ್ ಡಾಟ್. ಚುಕ್ಕೆ ಮತ್ತು ಗುರಿ ಒಂದೇ ದೂರದಲ್ಲಿ ಇದ್ದ ಹಾಗೆ ಕಾಣುತ್ತದೆ, ಕಣ್ಣು ಎಷ್ಟು ಹಿಂದೆ ಇದ್ದರೂ ನಡೆಯುತ್ತದೆ. ಪಿಸ್ತೂಲಿಗೆ ಹಾಕುವ ಅಳತೆಯದ್ದನ್ನು ತೆಳು ತಟ್ಟೆಯ ಮೇಲೆ ನೇರ ರಿಸೀವರಿಗೆ ಕೂರಿಸಿದರೆ ಕೆನ್ನೆ ಮರ ಬಿಡುವುದಿಲ್ಲ. 3 ಎಂಒಎ (ಕೋನದ ಅಳತೆ) ಚುಕ್ಕೆ ನೂರು ಗಜದಲ್ಲಿ ಮೂರು ಇಂಚು ಮುಚ್ಚುತ್ತದೆ. ಈ ಕಾಡತೂಸಿಗೆ ಅಷ್ಟು ಸಾಕು. ಆದರೆ ಆಸ್ಟಿಗ್ಮ್ಯಾಟಿಸಂ ಅನ್ನುವ ಕಣ್ಣಿನ ದೋಷ ಇದ್ದರೆ ಚುಕ್ಕೆ ದುಂಡಗೆ ಕಾಣದೆ ಒಡೆದ ನಕ್ಷತ್ರದ ಹಾಗೆ ಚೆಲ್ಲುತ್ತದೆ. ಡಾಟ್ ಕೆಟ್ಟಿದೆ ಅಂತ ವಾಪಸ್ ಕೊಡುವ ಮೊದಲು ಮೊಬೈಲ್ ಕ್ಯಾಮೆರಾದಲ್ಲಿ ಅದನ್ನು ನೋಡಿ. ಅದರಲ್ಲಿ ದುಂಡಗೆ ಕಂಡರೆ ತಕರಾರು ನಿಮ್ಮ ಕಣ್ಣಿನದ್ದು. ಅಂಥವರಿಗೆ ಪ್ರಿಸಂ ಸೈಟ್ ಒಳ್ಳೆಯದು, ಅದರಲ್ಲಿ ಗುರುತನ್ನು ಗಾಜಿನ ಮೇಲೇ ಕೊರೆದಿರುತ್ತಾರೆ.

ಸ್ಕೋಪೇ ಬೇಕು ಅಂದರೆ 1-4 ಅಥವಾ 2-7 ಪವರ್ (ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವ ಲೆಕ್ಕ), ಅದಕ್ಕಿಂತ ಬೇಡ. ನೂರು ಗಜದ ಕಾಡತೂಸಿಗೆ 3-9ರ ದಪ್ಪ ಸ್ಕೋಪ್ ಸುಮ್ನೆ ಭಾರ. ಸ್ಕೋಪಿನ ಹಿಂದಿನ ಬಾಯಿ ಹ್ಯಾಮರಿನ (ಗುಂಡು ಹಾರಿಸಲು ಬಡಿಯುವ ಸುತ್ತಿಗೆಯ) ಮೇಲೆ ಚಾಚಿಕೊಳ್ಳುತ್ತದೆ, ಹೆಬ್ಬೆರಳಿಗೆ ಜಾಗ ಸಿಗುವುದಿಲ್ಲ. ತುಂಬಿದ ಛೇಂಬರಿನ ಮೇಲೆ ಹ್ಯಾಮರ್ ಮೆಲ್ಲಗೆ ಇಳಿಸುವಾಗ, ಅದೂ ಡಿಸೆಂಬರ್ ಚಳಿಯಲ್ಲಿ ಗ್ಲೌಸ್ ಹಾಕಿಕೊಂಡು, ಬೆರಳು ಜಾರಿದರೆ ಗುಂಡು ಹಾರುತ್ತದೆ. ಹಾಗಾಗಿ ಹ್ಯಾಮರ್ ಬದಿಗೆ ತಿರುಪಿನಿಂದ ಬಿಗಿಯುವ ಸಣ್ಣ ಕೊಂಬು ಸಿಗುತ್ತದೆ, ಅದನ್ನು ಸ್ಕೋಪಿನ ಜೊತೆಗೇ ತಗೊಳ್ಳಿ. ಕೆನ್ನೆ ಏರಿಸಲು ಸ್ಟಾಕಿಗೆ ಲೇಸ್ ಕಟ್ಟುವ ಚರ್ಮದ ಪಟ್ಟಿಯೂ ಬೇಕಾಗುತ್ತದೆ. ನೋಡಿ, ಒಂದು ಸ್ಕೋಪಿಗೆ ಎಷ್ಟು ಪರಿವಾರ!

ಕೂರಿಸುವುದನ್ನು ನೀವೇ ಮಾಡಬಹುದು. ರೈಫಲ್ ಖಾಲಿ ಮಾಡಿ, ಕಾಡತೂಸನ್ನು ಬೇರೆ ಕೋಣೆಯಲ್ಲಿಡಿ. ತೂತು ಮತ್ತು ತಿರುಪು ಎರಡರ ಎಣ್ಣೆಯನ್ನೂ ಒರೆಸಿ. ಮುಂದಿನ ತಿರುಪು, ಹಿಂದಿನ ತಿರುಪು ಉದ್ದದಲ್ಲಿ ಬೇರೆ ಇರಬಹುದು, ಅದಲು ಬದಲು ಮಾಡಬೇಡಿ. ಉದ್ದದ್ದು ಒಳಗೆ ಚಾಚಿ, ಛೇಂಬರು ಮುಚ್ಚುವ ಬೋಲ್ಟ್‌ಗೆ ಉಜ್ಜುತ್ತದೆ. ಪ್ರತಿ ತಿರುಪು ಹಾಕಿದ ಮೇಲೂ ಲೀವರನ್ನು ಒಮ್ಮೆ ಪೂರ್ತಿ ಎಳೆದು ನೋಡಿ. ಎಲ್ಲಾ ಸರಿ ಇದ್ದರೆ ಬಿಚ್ಚಿ, ತಿರುಪು ಸಡಿಲಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕಿ, ಟಾರ್ಕ್ ಸ್ಕ್ರೂಡ್ರೈವರಿನಲ್ಲಿ ಬಿಗಿಯಿರಿ. ಬೇಸ್ ತಿರುಪಿಗೆ ಸಾಮಾನ್ಯವಾಗಿ 15-20 ಇಂಚ್-ಪೌಂಡ್, ಪೆಟ್ಟಿಗೆಯ ಕಾಗದದಲ್ಲಿ ಬೇರೆ ಬರೆದಿದ್ದರೆ ಅದೇ ಸರಿ. ಕೆಂಪು ಲಾಕ್‌ಟೈಟ್ ಹಾಕಿದರೆ ಆಮೇಲೆ ಕಾಯಿಸದೆ ಬಿಚ್ಚಲಾಗದು.

ಬೋಲ್ಟ್ ರೈಫಲ್ಲಿನ ಹಾಗೆ ಹಿಂದಿನಿಂದ ನಳಿಗೆಯೊಳಗೆ ಇಣುಕಿ ಅಂದಾಜು ಮಾಡುವುದು ಇದರಲ್ಲಿ ಅಷ್ಟು ಸುಲಭ ಅಲ್ಲ. 25 ಗಜಕ್ಕೆ ದೊಡ್ಡ ಕಾಗದ ಕಟ್ಟಿ ಶುರು ಮಾಡಿ. ಒಂದು ಕ್ಲಿಕ್‌ಗೆ 1 ಎಂಒಎ ಇರುವ ಡಾಟ್ ಆದರೆ ಅಲ್ಲಿ ಒಂದು ಕ್ಲಿಕ್ ಕಾಲು ಇಂಚು ಮಾತ್ರ. ಆಮೇಲೆ ನೂರು ಗಜಕ್ಕೆ ಸರಿ ಮಾಡಿ. 158 ಗ್ರೇನ್ ಮ್ಯಾಗ್ನಂ 50 ಗಜದಲ್ಲಿ ಸುಮಾರು ಒಂದು ಇಂಚು ಮೇಲೆ, 150ರಲ್ಲಿ ಅರ್ಧ ಅಡಿ ಕೆಳಗೆ, 200ರಲ್ಲಿ ಒಂದೂವರೆ ಅಡಿ ಕೆಳಗೆ ಬೀಳುತ್ತದೆ. ನೂರು ಗಜದ ಒಳಗೆ ಇರಿ ಅಂದದ್ದು ಇದಕ್ಕೇ. .38 ಬೇರೆಯೇ ಕಡೆ ಬೀಳುತ್ತದೆ, ಅದಕ್ಕೆ ಅಂತ ಸೈಟ್ ತಿರುಗಿಸುತ್ತಾ ಕೂರಬೇಡಿ.

ಕಾರ್ಕಳದ ವಿಷಯ. ರಜೆಗೆ ಬರುವಾಗ ರೈಫಲ್ ತರಲಾಗದು. ಕಾಯಂ ವಾಪಸಾಗುವವರಿಗೆ ಬೇರೆ ನಿಯಮ ಉಂಟು, ಅದಕ್ಕೂ ಇಲ್ಲಿನ ಲೈಸೆನ್ಸ್ ಮೊದಲು ಬೇಕು. ಇಲ್ಲಿ ಬೆಳೆ ರಕ್ಷಣೆಗೆ ಕೊಡುವ ಲೈಸೆನ್ಸಿನಲ್ಲಿ ಸಾಮಾನ್ಯವಾಗಿ ಕಾಣುವುದು ಕೇಪಿನ ಕೋವಿ, 12 ಬೋರಿನ ತೋಟಾ ಕೋವಿ. ಅದೂ ಚುನಾವಣೆ ಬಂದಾಗೆಲ್ಲ ಠಾಣೆಗೆ ಹೋಗಿ ಕೂರುತ್ತದೆ, ಹಂದಿ ಮಾತ್ರ ತೋಟದಲ್ಲೇ ಇರುತ್ತದೆ. ಕೋವಿ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಂದಿಗೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ನವಿಲಿನ ಮಾತಂತೂ ಎತ್ತಲೇಬೇಡಿ. ತೋಟಕ್ಕೆ ಸೋಲಾರ್ ಬೇಲಿ ಹಾಕಿಸಿ.

ಇನ್ನೊಂದು, ಇದು ರೈಫಲ್‌ಗಿಂತ ಮುಖ್ಯ. ರೇಂಜ್‌ಗೆ ಒಯ್ಯುವ ಬ್ಯಾಗನ್ನು ಊರಿಗೆ ಬರುವಾಗ ಯಾವ ಕಾರಣಕ್ಕೂ ತರಬೇಡಿ. ಸೈಡ್ ಜಿಪ್ಪಿನಲ್ಲಿ ಒಂದೇ ಒಂದು .38 ಉಳಿದು ಬಜಪೆಯಲ್ಲೋ ಬೆಂಗಳೂರಿನಲ್ಲೋ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಆರ್ಮ್ಸ್ ಆಕ್ಟ್ ಕೇಸು, ರಜೆ ಪೂರ್ತಿ ಠಾಣೆ, ಕೋರ್ಟು ಅಂತ ಕಳೆಯುತ್ತದೆ. ಜಾಕೆಟ್ ಕಿಸೆಯನ್ನೂ ತಡಕಿ ನೋಡಿ.