ಗಾಜು ಬದಲಿಸಿದ ಮೇಲೆ ಕ್ಯಾಲಿಬ್ರೇಶನ್ ಮಾಡಿಸಿದ್ರಾ?

ಅಣ್ಣಿಗೇರಿ ಹತ್ತಿರ ರಸ್ತೆ ಖಾಲಿ ಇದ್ದರೂ ಕಾರು ತಾನೇ ಗಕ್ಕನೆ ಬ್ರೇಕ್ ಹಾಕಿತು, ಸೆನ್ಸರ್ ಹಾಳಾಗಿದೆಯಾ ಅಂತ ಕೇಳಿದ್ದೀರಿ. ಹೋದ ತಿಂಗಳು ಮುಂದಿನ ಗಾಜು ಬದಲಿಸಿದ್ದನ್ನು ಕೊನೆಯಲ್ಲಿ ಸುಮ್ನೆ ಒಂದು ಮಾತು ಹೇಳಿ ಬಿಟ್ಟಿದ್ದೀರಿ. ನನಗೆ ಅನುಮಾನ ಅಲ್ಲೇ.

ತಾನೇ ಬ್ರೇಕ್ ಹಾಕುವ ಕಾರಿಗೆ ರಸ್ತೆ ತೋರಿಸುವ ಕ್ಯಾಮೆರಾ ಇರುವುದು ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡು. ಅದು 1 ಡಿಗ್ರಿ ಪಕ್ಕಕ್ಕೆ ತಿರುಗಿದರೂ 100 ಮೀಟರ್ ದೂರದಲ್ಲಿ ಲೆಕ್ಕ ಸುಮಾರು 1.7 ಮೀಟರ್ ತಪ್ಪುತ್ತದೆ. ಆಗ ರಸ್ತೆ ಪಕ್ಕ ನಿಂತ ಹತ್ತಿ ಟ್ರ್ಯಾಕ್ಟರ್ ನಿಮ್ಮ ದಾರಿಯಲ್ಲೇ ಇದೆ ಅಂತ ಕಾರು ತಿಳಿಯಬಹುದು. ಗಾಜು ಹಾಕಿದವರು ಕ್ಯಾಲಿಬ್ರೇಶನ್ (ಕ್ಯಾಮೆರಾದ ನೋಟವನ್ನು ಮತ್ತೆ ಸರಿಯಾಗಿ ಹೊಂದಿಸುವುದು) ಮಾಡಿದ್ದಾರಾ, ಬಿಲ್ ನೋಡಿ. ಇಲ್ಲದಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಮಾಡಿಸಿ.

ಮುಂದಿನ ವಾಹನ ಎಷ್ಟು ದೂರ ಇದೆ ಅಂತ ಅಳೆಯುವ ರೇಡಾರ್ ಮೇಲೂ ಕಣ್ಣಿಡಿ. ನವಲಗುಂದ ಕಡೆಯ ಎರೆ ಮಣ್ಣು ಗೊತ್ತಲ್ಲ, ಒಮ್ಮೆ ಬಂಪರ್‌ಗೆ ಮೆತ್ತಿ ಒಣಗಿ ನನ್ನ ಕಾರಿನ ಕ್ರೂಸ್ (ವೇಗವನ್ನು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆ) ಆಫ್ ಆಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಸರಿಹೋಯಿತು.

ಕ್ಯಾಲಿಬ್ರೇಶನ್ ಆಗುವವರೆಗೆ ಸೆಟ್ಟಿಂಗ್‌ನಲ್ಲಿ ಡಿಕ್ಕಿ ಎಚ್ಚರಿಕೆಯನ್ನು 'ತಡವಾಗಿ' ಅಂತ ಇಡಿ. ಹಿಂದೆ ಲಾರಿ ಅಂಟಿಕೊಂಡು ಬರುತ್ತಿದ್ದರೆ ದಾರಿ ಬಿಟ್ಟುಬಿಡಿ, ಕಾರು ಮತ್ತೆ ಗಕ್ಕನೆ ನಿಂತರೆ ಅದು ಗುದ್ದೀತು. ಗೆರೆ ನೋಡಿ ಕಾರನ್ನು ಲೇನ್‌ನಲ್ಲೇ ಇಡುವ ಲೇನ್ ಅಸಿಸ್ಟ್? ಬಿಳಿ ಗೆರೆಯೇ ಅಳಿಸಿಹೋದ ಕಡೆ ಅದನ್ನು ನಾನಂತೂ ಆಫ್ ಮಾಡಿಬಿಡುತ್ತೇನೆ.