‘ಯುರೋಪಿನ ಆತ್ಮ’ ಲೇಖನದ ಬಗ್ಗೆ

ಮಾನ್ಯರೇ,

ಮಂಡ್ಯದಿಂದ ನೀವು ಕಳುಹಿಸಿದ ‘ಯುರೋಪಿನ ಆತ್ಮ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾಗದು. ಆದರೆ ಒಂದು ಸಾಲಿನ ವಿಷಾದ ತಿಳಿಸಿ ಕೈತೊಳೆದುಕೊಳ್ಳುವಂಥ ಬರಹವೂ ಅದಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗ್ರೀಕರ ತತ್ತ್ವಶಾಸ್ತ್ರ, ರೋಮನ್ನರ ಕಾನೂನು, ಕ್ರೈಸ್ತ ಧರ್ಮ ಈ ಮೂರೂ ಸೇರಿ ಆ ಖಂಡಕ್ಕೆ ಒಂದೇ ಸಂಸ್ಕೃತಿಯನ್ನು ಕೊಟ್ಟವು, ಅದೇ ಮುಂದೆ ಐರೋಪ್ಯ ಒಕ್ಕೂಟವಾಗಿ ‘ಅರಳಿತು’ ಎನ್ನುತ್ತೀರಿ. ನನ್ನ ತಕರಾರು ಆ ಕ್ರಿಯಾಪದದ ಮೇಲೆಯೇ. ಆ ಒಕ್ಕೂಟದ ಮೊದಲ ಹೆಜ್ಜೆಯಾಗಿ 1951ರಲ್ಲಿ ಆರು ದೇಶಗಳು ಸಹಿ ಹಾಕಿದ್ದು ಕಲ್ಲಿದ್ದಲು ಮತ್ತು ಉಕ್ಕಿನ ಒಪ್ಪಂದಕ್ಕೆ. ಯುದ್ಧಕ್ಕೆ ಬೇಕಾದ ಸರಕನ್ನೇ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಗಳು ಒಂದೇ ಆಡಳಿತದಡಿ ತಂದುಕೊಂಡವೆಂದರೆ, ಅದರ ಹಿಂದೆ ಪ್ಲೇಟೋವಿಗಿಂತ ಹೆಚ್ಚಾಗಿ ಪರಸ್ಪರ ಭಯವಿತ್ತು.

ಸಾಧ್ಯವಾದರೆ ಅಂಚಿನಿಂದ ಬರೆಯಲು ತೊಡಗಿ. ಸ್ಪೇನಿನಿಂದ ಸುಮಾರು 14 ಕಿ.ಮೀ. ಜಲಸಂಧಿಯಾಚೆ ಇರುವ ಮೊರಾಕೊ 1987ರಲ್ಲಿ ಸದಸ್ಯತ್ವ ಕೇಳಿದಾಗ, ನೀವು ಯುರೋಪಿನವರಲ್ಲ ಎಂಬ ಕಾರಣಕ್ಕೆ ಬಾಗಿಲು ತೆರೆಯಲಿಲ್ಲ. ಟರ್ಕಿಯ ದಕ್ಷಿಣಕ್ಕೆ, ಏಷ್ಯಾದ ಮಗ್ಗುಲಲ್ಲಿರುವ ಸೈಪ್ರಸ್ 2004ರಲ್ಲಿ ಒಳಗೆ ಬಂತು. ಹಾಗಾದರೆ ‘ಯುರೋಪಿನವರು’ ಎಂದು ತೀರ್ಮಾನಿಸಿದ್ದು ಭೂಗೋಳವೋ, ಧರ್ಮವೋ, ರಾಜಕೀಯವೋ? ನಿಮ್ಮ ಹತ್ತು ಪುಟಗಳಲ್ಲಿ ಈ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ.

ನನ್ನ ಮೇಜಿನ ಗಾಜಿನಡಿ ಸೋದರಳಿಯ ತಂದುಕೊಟ್ಟ ಒಂದು 10 ಯೂರೊ ನೋಟಿದೆ. ಒಂದು ಬದಿಯಲ್ಲಿ ಕಮಾನಿನ ಬಾಗಿಲು, ಇನ್ನೊಂದು ಬದಿಯಲ್ಲಿ ಕಲ್ಲಿನ ಸೇತುವೆ. ನೋಟು ಚಲಾವಣೆಗೆ ಬಂದ 2002ರಲ್ಲಿ ಆ ಸೇತುವೆ ಯಾವ ಊರಿನಲ್ಲೂ ಇರಲಿಲ್ಲ. ಯಾವುದೇ ಒಂದು ದೇಶದ ಕಟ್ಟಡ ಹಾಕಿದರೂ ಉಳಿದವರ ಮುನಿಸು ತಪ್ಪದೆಂದು, ಶೈಲಿಯನ್ನಷ್ಟೇ ಉಳಿಸಿಕೊಂಡು ಚಿತ್ರವನ್ನು ಕಲ್ಪಿಸಿಕೊಂಡರು. (ಆಮೇಲೆ ನೆದರ್ಲೆಂಡ್ಸಿನ ಒಂದು ಪಟ್ಟಣದವರು ನೋಟು ನೋಡಿಕೊಂಡು ಆ ಸೇತುವೆಗಳನ್ನು ನಿಜವಾಗಿಯೇ ಕಟ್ಟಿಸಿದರು!) ನಿಮ್ಮ ಮೊದಲ ನಾಲ್ಕು ಪುಟಗಳಿಗಿಂತ ಈ ನೋಟು ಹೆಚ್ಚು ಹೇಳುತ್ತದೆಂದರೆ ಬೇಸರಿಸಬೇಡಿ.

ಏಳನೆಯ ಪುಟದಲ್ಲಿ, 1956ರ ಏಕೀಕರಣ ನಿಮ್ಮ ತಾತನಿಗೆ ಇಷ್ಟವಿರಲಿಲ್ಲವೆಂದು ಒಂದೇ ವಾಕ್ಯ ಬರೆದು ದಾಟಿಹೋಗಿದ್ದೀರಿ. ಭಾಷೆ ಒಂದೇ ಆಗಿದ್ದರೂ ಹಳೇ ಮೈಸೂರಿನ ಅನೇಕರು ಕೂಡಿಕೊಳ್ಳಲು ಹಿಂಜರಿದಿದ್ದರು, ‘ಕರ್ನಾಟಕ’ ಎಂಬ ಹೆಸರಿಗೆ 1973ರವರೆಗೆ ಕಾಯಬೇಕಾಯಿತು. 24 ಅಧಿಕೃತ ಭಾಷೆಗಳ ಒಕ್ಕೂಟವನ್ನು ಅಳೆಯಲು ಮಂಡ್ಯದವರಾದ ನಿಮಗೆ ಮನೆಯಲ್ಲೇ ಇರುವ ಅಳತೆಗೋಲು ಅದು. ಅವರು ಏನನ್ನು ಕಳೆದುಕೊಳ್ಳುತ್ತೇವೆಂದು ಅಂಜಿದ್ದರು ಎಂಬುದನ್ನು ವಿಚಾರಿಸಿ ಬರೆಯಿರಿ.

ಮೊದಲ ನಾಲ್ಕು ಪುಟಗಳನ್ನು ತೆಗೆದು, ಆಗಸ್ಟ್ ಮುಗಿಯುವುದರೊಳಗೆ ಮತ್ತೆ ಕಳುಹಿಸಿದರೆ ದಸರಾ ಸಂಚಿಕೆಗೆ ಪರಿಶೀಲಿಸುತ್ತೇನೆ. ಶೀರ್ಷಿಕೆಯಲ್ಲಿ ‘ಆತ್ಮ’ ಬೇಡ.

ಇತಿ,
ಸಂಪಾದಕ
ಮೈಸೂರು